ಏನೂ ಇಲ್ಲದೂರಿನ ಸಂಬಂಧ

ನಮ್ಮೂರು ಲೋದಬಾರ್. ನಮ್ಮ ನುಡಿಯಲ್ಲಿ ‘ದಬಾರ್’ ಎಂದರೆ ವಸ್ತು. ಮಾತು ಎಂದೂ ಆಗುತ್ತದೆ. ‘ಲೋ’ ಎಂದರೆ ಇಲ್ಲ. ಅದೇ ‘ಲೋ’ಗೆ ‘ಅವನಿಗುಂಟು’ ಎಂಬ ಅರ್ಥವೂ ಇದೆ. ಆದರೆ ನಮ್ಮೂರಿನ ವಿಷಯದಲ್ಲಿ ಅಷ್ಟು ಧಾರಾಳವಾಗಿ ಯೋಚಿಸುವ ಪುಣ್ಯಾತ್ಮನನ್ನು ನಾನು ಕಂಡಿರಲಿಲ್ಲ. ಗಿಲ್ಯಾದ್ ಸೀಮೆಗೆಲ್ಲ ನಾವು ‘ಏನೂ ಇಲ್ಲ’ದವರು.

ನನ್ನ ತಮ್ಮ ಯಾಜೀಜನಂತೂ ಊರ ಹೆಸರಿಗೆ ತಕ್ಕಂತೆ ಹುಟ್ಟಿದವನು, ಬಾಯಲ್ಲಿ ಮಾತೇ ಇಲ್ಲ. ನೆಲದಡಿಯ ಮಳೆನೀರಿನ ತೊಟ್ಟಿಗಳಿಗೆ ಇಳಿದು ಗಾರೆ ಮೆತ್ತುವುದು ಅವನ ಕಸುಬು. ಅಲ್ಲಿ ಮಾತಾಡಿಸುವವರು ಯಾರೂ ಇರುವುದಿಲ್ಲ, ಅದೇ ಅವನಿಗೆ ಸುಖ. ಮಹನಯಿಮ್ ಪಟ್ಟಣದ ಬುಕ್ಕಿಯ ಮನೆಯಲ್ಲಿ ತೊಟ್ಟಿ ಕೆಲಸ ಮುಗಿಸಿ ಬಂದವನು ಮೂರು ದಿನ ರೊಟ್ಟಿ ಮುಟ್ಟಲಿಲ್ಲ. ನಾಲ್ಕನೆಯ ದಿನ, “ಹೆಲಾ,” ಎಂದ. ಅದು ಬುಕ್ಕಿಯ ಮಗಳ ಹೆಸರು.

ಅಪ್ಪ ಅಮ್ಮ ಇಲ್ಲದ ಮನೆಗೆ ಹೊಗ್ಲಾ ಎಂಬ ನಾನೇ ಹಿರಿಯಳು. ಒಂದು ಗಡಿಗೆ ಮೊಸರು, ಒಂದು ಬುಟ್ಟಿ ಒಣದ್ರಾಕ್ಷಿ ಉಂಡೆ ಕತ್ತೆಯ ಮೇಲೆ ಹೇರಿ, ಇವನನ್ನೂ ಎಳೆದುಕೊಂಡು ಹೆಣ್ಣು ಕೇಳಲು ಹೊರಟೆ.

ಬುಕ್ಕಿ ಉಂಡೆಗೆ ಮೊದಲು ಕೈ ಹಾಕಿದ, ಆಮೇಲೆ ಊರು ಕೇಳಿದ. ಹೇಳಿದೆ. ಹೊಟ್ಟೆ ಕುಲುಕಿಸಿಕೊಂಡು ನಕ್ಕ.

“ಅಲ್ಲಮ್ಮಾ ಹೊಗ್ಲಾ, ನಾಳೆ ಯಾರಾದ್ರೂ ‘ಮಗಳನ್ನ ಎಲ್ಲಿಗೆ ಕೊಟ್ರಿ’ ಅಂದ್ರೆ ‘ಏನೂ ಇಲ್ಲಕ್ಕೆ ಕೊಟ್ಟೆ’ ಅನ್ನಲಾ? ನಮ್ಮೂರ ಹೆಸರು ನೋಡು. ಮಹನಯಿಮ್ ಅಂದ್ರೆ ಎರಡು ದಂಡು! ದೇವದೂತರ ದಂಡು ಇಳಿದ ಜಾಗ. ನಿಮ್ಮದೋ, ಊರಲ್ಲೂ ಏನಿಲ್ಲ, ಗಂಡಿನ ಬಾಯಲ್ಲೂ ಏನಿಲ್ಲ.”

ನನಗೆ ಮೈಯೆಲ್ಲ ಉರಿಯಿತು.

“ಹೆಸರು ಹೇಗೆ ಬಂತು ಅಂತ ಗೊತ್ತಾ ಯಜಮಾನ್ರೇ? ನಮ್ಮ ಮುತ್ತಜ್ಜನ ಕಾಲದಲ್ಲಿ ಅರಸನ ಆಳು ಬಂದು ಗೋಧಿ ಇದೆಯಾ ಅಂದ. ಮುತ್ತಜ್ಜ ‘ಲೋ ದಬಾರ್’ ಅಂದ. ಎಣ್ಣೆ? ಲೋ ದಬಾರ್. ಆಡು? ಲೋ ದಬಾರ್. ಕೊನೆಗೆ ಊರ ಹೆಸರೇನಯ್ಯಾ ಅಂದ. ಅಷ್ಟೊತ್ತಿಗೆ ಮುತ್ತಜ್ಜನಿಗೆ ಅದೇ ಬಾಯಿಪಾಠ ಆಗಿಹೋಗಿತ್ತು! ಆಡೆಲ್ಲಾ ಗವೀಲಿ ಬಚ್ಚಿಟ್ಟಿದ್ವು. ಈಗ್ಲೂ ಇದಾವೆ, ನಲವತ್ತು. ಎಣ್ಣೆ ಎಷ್ಟಿದೆ ಕೇಳಿ!”

ಬುಕ್ಕಿ ಅಗಿಯುವುದನ್ನು ನಿಲ್ಲಿಸಿದ.

“ಕೇಳ್ತೀನಿ, ಕೇಳ್ದೇ ಇರ್ತೀನಾ? ಈ ಸೀಮೇಲಿ ಅರಸನ ಪಾಲು ವಸೂಲಿ ಮಾಡೋನು ನಾನೇ. ಆಡು ಎಷ್ಟಂದೆ?”

ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಉಂಟು ಎಂದರೆ ಊರು ಮುಳುಗಿತು, ಇಲ್ಲ ಎಂದರೆ ತಮ್ಮನಿಗೆ ಹೆಣ್ಣು ತಪ್ಪಿತು. ಹುಟ್ಟಿದ ಮೇಲೆ ಮೊದಲ ಸಲ ನನಗೆ ಮಾತು ಸಿಗಲಿಲ್ಲ. ಯಾಜೀಜ ನನ್ನ ಮುಖ ನೋಡಿದ, ಗಂಟಲು ಸರಿಮಾಡಿಕೊಂಡ.

“ಲೋ ದಬಾರ್,” ಎಂದ.

“ಏನದು? ಇಲ್ಲ ಅಂತಾನೋ, ಉಂಟು ಅಂತಾನೋ?” ಎಂದು ಬುಕ್ಕಿ ಗದರಿದ.

ಒಳಗಿನಿಂದ ಕಿಸಕ್ಕೆಂದು ನಗು ಕೇಳಿಸಿತು. ಕೈಗೆ ಹಿಟ್ಟು ಮೆತ್ತಿಕೊಂಡೇ ಹೆಲಾ ಹೊರಗೆ ಬಂದಳು.

“ಉಂಟು ಅಂತಪ್ಪಾ. ಅವನಿಗೆ ಮಾತುಂಟು. ನನ್ನ ಹತ್ರ ಆಡಿದಾನೆ.”

“ಯಾವಾಗ್ಲೇ? ಏನಂದ?”

“ತೊಟ್ಟಿಗಿಳಿದ ದಿನ ಮೇಲೆ ಹಗ್ಗ ಹಿಡಿಯೋಕೆ ನಿನ್ನ ಆಳು ಬರ್ಲಿಲ್ಲ, ನಾನೇ ಹಿಡಿದೆ. ಕೆಳಗಿಂದ ‘ಬಿಡಬೇಡ’ ಅಂದ.”

“ಅಷ್ಟೇನಾ?”

“ಅಷ್ಟೇ. ನಾನಿನ್ನೂ ಬಿಟ್ಟಿಲ್ಲಪ್ಪಾ.”

ಯಾಜೀಜನ ಕಿವಿ ದಾಳಿಂಬೆಯಾಯಿತು. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ವರ್ಷ ಅವನ ಪರವಾಗಿ ನಾನೇ ಬಡಬಡಿಸುತ್ತಿದ್ದೆ, ಇವಳಿಗೆ ಅವನ ಒಂದೇ ಒಂದು ಮಾತು ಸಾಕಾಗಿತ್ತು. ಬುಕ್ಕಿ ಮಗಳನ್ನು ನೋಡಿದ, ನನ್ನ ತಮ್ಮನನ್ನು ನೋಡಿದ, ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಆಮೇಲೆ ಮೊಸರಿನ ಗಡಿಗೆಯನ್ನು ಒಳಗಿಡಲು ಹೇಳಿದ. ಒಪ್ಪಿಗೆ ಎಂದರೆ ಅದೇ.

ಬಾರ್ಲಿ ಕೊಯ್ಲು ಮುಗಿದ ಮೇಲೆ ಮದುವೆಯಾಯಿತು. ಮರುವರ್ಷ ಬೀಗರು ಅರಸನ ಹೊಸ ಅಧಿಕಾರಿಯನ್ನು ಕರೆದುಕೊಂಡು ನಮ್ಮೂರಿಗೆ ಬಂದರು. ಅಧಿಕಾರಿ ಕತ್ತೆಯಿಂದ ಇಳಿಯಲೇ ಇಲ್ಲ. ಬುಕ್ಕಿಯವರು ಮಾತ್ರ ಒಳಗೆ ಬಂದು, ಮಗಳು ಬಡಿಸಿದ ಎಣ್ಣೆ ರೊಟ್ಟಿಯನ್ನು ಆಡಿನ ಮೊಸರಿನಲ್ಲಿ ಅದ್ದಿಕೊಂಡು ಹೊಟ್ಟೆ ತುಂಬ ತಿಂದು ಹೊರಬಂದರು.

“ಏನಿದೆ ಇಲ್ಲಿ?” ಎಂದ ಅಧಿಕಾರಿ.

“ಲೋ ದಬಾರ್,” ಎಂದರು ಬುಕ್ಕಿಯವರು.

ಗವಿಯೊಳಗೆ ಒಂದು ಆಡು ಅರಚಿತು. ಬುಕ್ಕಿಯವರು ಜೋರಾಗಿ ಕೆಮ್ಮಿದರು.

“ನಾನು ಊರ ಹೆಸರು ಕೇಳ್ಲಿಲ್ಲ ಯಜಮಾನ್ರೇ, ಊರಲ್ಲಿ ಏನಿದೆ ಅಂದೆ.”

“ಎರಡಕ್ಕೂ ಒಂದೇ ಉತ್ತರ ಸ್ವಾಮೀ,” ಎಂದು ಬುಕ್ಕಿಯವರು ಗಡ್ಡದ ಎಣ್ಣೆ ಒರೆಸಿಕೊಂಡರು.