ಯಾರೂ ಕೇಳದೆ ಉಳಿದ ಪ್ರಶ್ನೆ

ಟೊಮೆಟೊ ಹಣ್ಣಿಗೆ ಯಾರ ಮುಲಾಜೂ ಇಲ್ಲ. ಕೆಂಪಾದ ಮೇಲೆ ಅದು ಲಾರಿಗೂ ಕಾಯುವುದಿಲ್ಲ, ಬೆಲೆಗೂ ಕಾಯುವುದಿಲ್ಲ. ಬೆಳೆದವರಿಗೆಲ್ಲ ಇದು ಗೊತ್ತು. ಗೊತ್ತಿದ್ದೂ ಬೂಟಜ್ಜನ ತೋಟದಲ್ಲಿ ಆಗಬಾರದ್ದು ಆಗಿಹೋಯಿತು.

ಅದು ಹಲವು ಮನೆಗಳು ಜಮೀನು ಒಗ್ಗೂಡಿಸಿ ಮಾಡಿಕೊಂಡ ಕೂಡು ತೋಟ. ಬೂಟಜ್ಜ ಅದರ ಅಧ್ಯಕ್ಷರು. ಮನುಷ್ಯರ ಯೋಗ್ಯತೆಯನ್ನು ಅವರ ಬೂಟಿಗೆ ಮೆತ್ತಿದ ಮಣ್ಣಿನಲ್ಲಿ ಅಳೆಯುತ್ತಿದ್ದರು, ಅದಕ್ಕೇ ಆ ಹೆಸರು. ತೋಟದ ಮ್ಯಾನೇಜರು ಅವರ ಸೊಸೆ. ಕೃಷಿಯಲ್ಲಿ ಪದವಿ ಮಾಡಿದವಳು. ಅವಳ ಬೂಟಿನಲ್ಲಿ ಮಣ್ಣಿಗೆ ಎಂದೂ ಕೊರತೆಯಾಗಿರಲಿಲ್ಲ.

ತೋಟದಲ್ಲೊಂದು ರೂಢಿಯಿತ್ತು. ಕೊಯ್ಲಿನ ಕಾಲದಲ್ಲಿ ದಿನಾ ಬೆಳಿಗ್ಗೆ ಮ್ಯಾನೇಜರೇ ಮೊದಲ ಹಣ್ಣು ಕಿತ್ತು, ಸಣ್ಣ ಚಾಕುವಿನಿಂದ ಸೀಳಿ, ಬೀಜದ ಸುತ್ತಲಿನ ಲೋಳೆ ನೋಡಿ, "ಹೂಂ, ಕೈ ಹಾಕಿ" ಎನ್ನಬೇಕು. ಆಮೇಲೆಯೇ ಕೀಳುವ ಹೆಂಗಸರು ಸಾಲಿಗೆ ಇಳಿಯುವುದು. ಆ ಚಾಕು ಇನ್ನೊಬ್ಬರ ಕೈಗೆ ಹೋಗುವಂತಿರಲಿಲ್ಲ.

ಹೋದ ವರ್ಷ ಕೃಷಿ ತರಬೇತಿ ಕೇಂದ್ರದ ಟೀಚರಮ್ಮ ಬೂಟಜ್ಜನ ಮನೆಗೆ ಬಂದರು. ಕೈಯಲ್ಲಿ ಒಂದು ಅರ್ಜಿ.

"ಅಜ್ಜಾರೇ, ನಿಮ್ಮ ಸೊಸೆಗೆ ಕೃಷಿ ವ್ಯವಹಾರದ ಎಂಬಿಎಗೆ ಸೀಟು ಸಿಗೋ ಹಾಗಿದೆ. ಕೆಲಸ ಮಾಡೋರಿಗೇ ಅಂತ ಇರೋದು. ಶನಿವಾರ, ಭಾನುವಾರ ಮಾತ್ರ ಕ್ಲಾಸು."

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಟೀ ಲೋಟಗಳ ತಟ್ಟೆ ಕೈಯಲ್ಲೇ ಉಳಿದಿತ್ತು.

"ಎಂಬಿಎನಾ?" ಬೂಟಜ್ಜ ನಕ್ಕರು. "ಟೊಮೆಟೊಗೆ ಟೈ ಕಟ್ಟೋದು ಕಲಿಸ್ತಾರಾ ಅಲ್ಲಿ?"

"ಗಿಡ ಬೆಳೆಸೋದನ್ನ ಇವಳು ಪದವೀಲೇ ಕಲ್ತಿದ್ದಾಳೆ. ಇದು ತೋಟ ನಡೆಸೋ ಓದು. ಯಾರಿಗೆ ಮಾರಬೇಕು, ಯಾವ ಷರತ್ತಿಗೆ ಒಪ್ಪಬೇಕು, ನಷ್ಟ ಆದ್ರೆ ಯಾರು ಹೊರಬೇಕು, ಆಳುಕಾಳಿಗೆ ವರ್ಷವಿಡೀ ಕೆಲಸ ಹೇಗೆ ಹೊಂದಿಸಬೇಕು..."

"ಅದೆಲ್ಲ ನಾನು ಹುಟ್ಟಿದಾಗಿಂದ ಮಾಡ್ತಿರೋದೇ."

"ಮಾಡ್ತಿದ್ದೀರಿ, ಇಲ್ಲ ಅನ್ನಲ್ಲ. ಆಗ ನಿಮ್ಮ ಎದುರಿಗೆ ಕೂತು ಕೊಳ್ತಿದ್ದೋನೂ ನಿಮ್ಮಂಥೋನೇ. ಈಗ ಕೂರೋನು ಓದ್ಕೊಂಡು ಬಂದಿರ್ತಾನೆ."

ಅತ್ತೆ ಒಳಗಿನಿಂದಲೇ ಕೂಗಿದರು: "ಓದ್ಲಿ ಬಿಡಿ ಅಂದ್ರೆ, ಕೊಯ್ಲಿನ ಶನಿವಾರ ಮೊದಲ ಹಣ್ಣು ಸೀಳೋರು ಯಾರು? ನೀವು ಬರ್ತೀರಾ ಟೀಚರಮ್ಮ?"

ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ನಗದಿದ್ದರೆ ಮಾತು ಬೆಳೆಯುತ್ತದೆ ಎಂದು ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿರುತ್ತದಲ್ಲ, ಹಾಗೆ.

ಟೀಚರಮ್ಮ ಅವಳ ಕಡೆ ತಿರುಗಿದರು. "ನಿನಗೇನಮ್ಮ ಅನ್ಸುತ್ತೆ?"

"ಮಾವ ಹೇಳಿದ ಹಾಗೆ" ಎಂದಳು. ಅರ್ಜಿ ಬಂದ ಹಾಗೇ ವಾಪಸು ಹೋಯಿತು. ಒಂದು ಚಾಕುವನ್ನು ಇನ್ನೊಂದು ಕೈಗೆ ಕೊಡಲಾರದೆ ಒಂದು ಮನೆ ಒಂದು ಓದನ್ನು ಕಳೆದುಕೊಂಡಿತು.

ಅದೇ ವರ್ಷ ಸಾಸ್ ಕಾರ್ಖಾನೆಯ ಖರೀದಿ ಆಫೀಸರು ತೋಟಕ್ಕೆ ಬಂದ. ಬೆಳೆಯನ್ನೆಲ್ಲ ತಾವೇ ಕೊಳ್ಳುತ್ತೇವೆ, ಬೇರೆ ಯಾರಿಗೂ ಮಾರಬಾರದು ಎಂದ. ಹೇಳಿದ ಬೆಲೆಯೂ ಚೆನ್ನಾಗಿತ್ತು. ಅವನ ಬೂಟು ಫಳಫಳ ಹೊಳೆಯುತ್ತಿತ್ತು. "ಇವನಿಗೇನು ಗೊತ್ತಿರುತ್ತೆ, ಪಾಪ" ಎಂದು ಬೂಟಜ್ಜ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರು. ಕರಾರನ್ನು ಎಲ್ಲರೂ ಕೂತು ಓದಿದರು. ಮುಚ್ಚಿಟ್ಟದ್ದೇನೂ ಅದರಲ್ಲಿರಲಿಲ್ಲ. ಬೆಲೆ ಕೇಳಿದರು, ಕ್ರೇಟಿನ ಅಳತೆ ಕೇಳಿದರು, ಹಣ್ಣಿನ ಗಾತ್ರ ಕೇಳಿದರು. "ನೀವು ಬರದಿದ್ದರೆ?" ಎಂದು ಒಬ್ಬರೂ ಕೇಳಲಿಲ್ಲ.

ಹಣ್ಣು ಕೆಂಪಾಯಿತು. ಸೊಸೆ ಸೀಳಿ ನೋಡಿ "ಕೈ ಹಾಕಿ" ಎಂದಳು. ಕ್ರೇಟುಗಳು ತುಂಬಿದವು. ಲಾರಿ ಬರಲಿಲ್ಲ. ಫೋನು ಮಾಡಿದರೆ, "ನಮ್ಮ ಗೋದಾಮು ತುಂಬಿದೆ, ಸ್ವಲ್ಪ ತಡೀರಿ" ಎಂಬ ಉತ್ತರ. ಟೊಮೆಟೊಗೆ ತಡಿ ಎಂದು ಹೇಳುವವರು ಯಾರು? ಸಂತೆಗೆ ಒಯ್ಯೋಣವೆಂದರೆ ಬೇರೆಯವರಿಗೆ ಮಾರುವುದಿಲ್ಲವೆಂದು ಬರೆದುಕೊಟ್ಟಾಗಿತ್ತು. ಕಾರ್ಖಾನೆಯವರು "ಹೋಗಲಿ, ಮಾರ್ಕೊಳ್ಳಿ" ಎನ್ನುವ ಹೊತ್ತಿಗೆ ಕ್ರೇಟುಗಳ ತಳದಿಂದ ರಸ ಸೋರಿ ಷೆಡ್ಡಿನ ನೆಲವೆಲ್ಲ ಜಾರುತ್ತಿತ್ತು. ಕೊಳೆತ ಹುಳಿವಾಸನೆ ರಸ್ತೆಯವರೆಗೂ ಬಂತು.

ನಷ್ಟವನ್ನು ಮನೆಗಳು ಹಂಚಿಕೊಂಡವು. ಆದರೆ ಕೀಳುವ ಹೆಂಗಸರ ಪಾಲಿಗೆ ಹಂಚಿಕೊಳ್ಳಲು ಏನಿತ್ತು? ಗಿಡದಲ್ಲಿ ಹಣ್ಣಿದ್ದೂ ಕೀಳುವ ಕೆಲಸ ನಿಂತಿತು, ಜೊತೆಗೆ ಕೂಲಿಯೂ. ಅವರಲ್ಲಿ ಹಿರಿಯಳು ಜಡೆಯಕ್ಕ. ಹಣ್ಣನ್ನು ಗುಂಡಿಗೆ ಸುರಿಯುವಾಗ ಸೊಸೆಯ ಪಕ್ಕ ನಿಂತಿದ್ದಳು.

"ಅಮ್ಮಾ, ಹಣ್ಣು ಚೆನ್ನಾಗೇ ಇತ್ತಲ್ವಾ?"

"ಚೆನ್ನಾಗೇ ಇತ್ತು ಅಕ್ಕ."

"ಮತ್ತೆ ತಪ್ಪು ಎಲ್ಲಾಯ್ತು?"

ಸೊಸೆ ಖಾಲಿಯಾದ ಕ್ರೇಟನ್ನು ಎತ್ತಿ ಪಕ್ಕಕ್ಕಿಟ್ಟಳು. ಹಣ್ಣಿನ ಒಳಗನ್ನು ನೋಡಲು ಬಲ್ಲವಳಿಗೆ ವ್ಯಾಪಾರದ ಒಳಗನ್ನು ನೋಡಲು ಯಾರೂ ಬಿಟ್ಟಿರಲಿಲ್ಲ.

ಈ ವರ್ಷ ಅದೇ ಆಫೀಸರು ಮತ್ತೆ ಬಂದ. ಈ ಸಲ ಸೊಸೆ ಮೊದಲೇ ಕೇಳಿದಳು. "ನೀವು ಬರದಿದ್ದರೆ?"

ಅವನು ತಬ್ಬಿಬ್ಬಾಗಲಿಲ್ಲ. "ಒಳ್ಳೇ ಪ್ರಶ್ನೆ ಮೇಡಂ. ಎಷ್ಟು ದಿನ ತಡ ಆದ್ರೆ ನಿಮಗೆಷ್ಟು ಪರಿಹಾರ ಬೇಕು? ಎಷ್ಟು ಪಾಲು ಹೊರಗೆ ಮಾರೋ ಹಕ್ಕು ಇಟ್ಕೊಳ್ತೀರಿ? ನೀವೇ ಹೇಳಿ, ಮಾತಾಡೋಣ."

ಪ್ರಶ್ನೆ ಸಿಕ್ಕಿತ್ತು, ಅದರ ಮುಂದಿನ ದಾರಿ ಸಿಕ್ಕಿರಲಿಲ್ಲ. ಬೂಟಜ್ಜ ಸೊಸೆಯ ಮುಖ ನೋಡಿದರು, ಸೊಸೆ ಅವರ ಮುಖ ನೋಡಿದಳು.

"ನೀನು ಇದನ್ನೆಲ್ಲ ಎಲ್ಲಿ ಕಲ್ತೆ ಮರಿ?" ಎಂದು ಬೂಟಜ್ಜ ಆಫೀಸರನ್ನು ಕೇಳಿದರು.

"ಎಂಬಿಎ ಅಜ್ಜಾರೇ, ಕೃಷಿ ವ್ಯವಹಾರದ್ದು. ನಮ್ಮಪ್ಪನೂ ಟೊಮೆಟೊ ಬೆಳೀತಿದ್ರು. ನಾನೂ ಬೂಟಿಗೆ ಮಣ್ಣು ಮೆತ್ಕೊಂಡೇ ಬೆಳೆದೋನು." ಎದ್ದು ನಿಂತು, "ಯೋಚ್ನೆ ಮಾಡಿ ತಿಳಿಸಿ" ಎಂದು ಹೊರಟುಹೋದ.

ಟೊಮೆಟೊ ಬೆಳೆದವರ ಮಗ ಮೇಜಿನ ಆ ಬದಿಗೆ, ಕೊಳ್ಳುವವರ ಕಡೆ ಕೂತಿದ್ದ. ಓದಿದವರಿಗೆ ಈ ಬದಿಯಲ್ಲಿ ಜಾಗ ಕೊಟ್ಟವರು ಯಾರು? ಬೂಟಜ್ಜ ಖಾಲಿ ಕ್ರೇಟಿನ ಮೇಲೆ ಕೂತರು.

ಅವತ್ತೇ ಟೀಚರಮ್ಮನನ್ನು ಕರೆಸಿದರು.

"ಕೆಟ್ಟ ಮೇಲೆ ಬುದ್ಧಿ ಬಂತು ಅನ್ನಿ ಟೀಚರಮ್ಮ, ಬೈಯಿರಿ. ಸೀಟು ಇನ್ನೂ ಇದೆಯಾ?"

"ಹೋದ ವರ್ಷದ್ದು ಹೋಯ್ತು. ಈ ವರ್ಷದ್ದಕ್ಕೆ ಪ್ರವೇಶ ಪರೀಕ್ಷೆ ಬರೀಬೇಕು. ಇಷ್ಟರಲ್ಲಿ ಅರ್ಧ ಓದು ಮುಗಿದಿರೋದು." ಟೀಚರಮ್ಮ ಸೊಸೆಯನ್ನು ನೋಡಿದರು. "ಏನಮ್ಮ, ಈ ಸಲವೂ ಮಾವ ಹೇಳಿದ ಹಾಗೇನಾ?"

"ಇಲ್ಲ. ನಂಗೆ ಓದ್ಬೇಕು" ಎಂದಳು ಸೊಸೆ. ಆಮೇಲೆ ಮೆಲ್ಲಗೆ, "ಆಗಲೂ ಓದ್ಬೇಕಿತ್ತು. ಬಾಯಿ ಬಿಟ್ಟು ಹೇಳ್ಲಿಲ್ಲ."

"ನಾವು ಬಿಟ್ಟಿದ್ರೆ ತಾನೇ ಹೇಳೋದು" ಎಂದರು ಅತ್ತೆ. ಈ ಸಲ ಅವರು ಒಳಗಿನಿಂದ ಕೂಗಲಿಲ್ಲ, ಹೊರಗೆ ಬಂದು ಸೊಸೆಯ ಪಕ್ಕದಲ್ಲೇ ನಿಂತಿದ್ದರು.

ಕಾರ್ಖಾನೆಗೆ ಈ ವರ್ಷ ಸ್ವಲ್ಪವೇ ಬೆಳೆ ಕೊಟ್ಟು ಉಳಿದದ್ದನ್ನು ಸಂತೆಗೆ ಒಯ್ಯುವುದೆಂದು ಕೂಡು ತೋಟದವರು ಮಾತಾಡಿಕೊಂಡರು. ಕುರುಡು ಅಂದಾಜು ಅದು, ಆದರೂ ಅಷ್ಟಾದರೂ ಹೊಳೆಯಿತು. ಕೆಲಸ ನಿಂತಾಗ ಕೂಲಿ ಹುಡುಕಿ ದೂರ ಹೋದ ಹೆಂಗಸರಲ್ಲಿ ಕೆಲವರು ಮರಳಿ ಬರಲೇ ಇಲ್ಲ. ಅವರನ್ನು ಯಾವ ಬಾಯಲ್ಲಿ ಕರೆಯುವುದು?

ಸೊಸೆ ಪರೀಕ್ಷೆ ಬರೆದಳು, ಸೀಟು ಸಿಕ್ಕಿತು. ಮೊದಲ ಶನಿವಾರ ಬಂತು. ಬೆಳಿಗ್ಗೆ ಅವಳು ಚಾಕುವನ್ನು ಜಡೆಯಕ್ಕನ ಕೈಗೆ ಕೊಟ್ಟಳು. ಜಡೆಯಕ್ಕ ಹಣ್ಣು ಸೀಳಿ ನೋಡಿ, ನಾಚಿಕೆಯಿಂದ ಸಣ್ಣ ದನಿಯಲ್ಲಿ "ಕೈ ಹಾಕ್ರೇ" ಎಂದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಹೆಂಗಸರು ಸಾಲಿಗೆ ಇಳಿದರು. ಅಷ್ಟೇ ಆಗಿತ್ತು ಆಗಬೇಕಾದ್ದು!

ಸೊಸೆ ಬಸ್ಸಿಗೆ ಹೊರಡಲು ಮನೆಗೆ ಬಂದಾಗ ಬೂಟಜ್ಜ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. "ಬೂಟು ಬಿಚ್ಚು" ಎಂದರು. ಕಡ್ಡಿಯಿಂದ ಅದರ ತಳದ ಮಣ್ಣು ಕೆರೆದು, ಒದ್ದೆ ಬಟ್ಟೆಯಿಂದ ಒರೆಸತೊಡಗಿದರು.

"ಬಿಡಿ ಮಾವ, ನೀವ್ಯಾಕೆ..."

"ಹೋದ ವರ್ಷವೇ ಒರೆಸಬೇಕಾಗಿತ್ತಮ್ಮ."

ಹಾಗೇನಿಲ್ಲ ಮಾವ ಎಂದು ಅವಳು ಹೇಳಲಿಲ್ಲ. ಬೂಟು ತೊಟ್ಟು, "ಬರ್ತೀನಿ" ಎಂದು ನಡೆದಳು.

ಓದುವ ಬಂಧುಗಳೇ, ಕೇಳುವ ಅಕ್ಕತಂಗಿಯರೇ, ನಿಮ್ಮ ತೋಟವನ್ನು, ಡೇರಿಯನ್ನು, ಕೂಡು ಬೇಸಾಯವನ್ನು ನಡೆಸುವವರು ಯಾರು? ಪದವಿ ಮುಗಿಸಿದ ಮಗಳೋ, ಸೊಸೆಯೋ, ತಮ್ಮನೋ ಇರಬಹುದು. ಕೃಷಿ ವ್ಯವಹಾರದ ಸ್ನಾತಕೋತ್ತರ ಓದು ಎಲ್ಲಿದೆ, ಕೆಲಸ ಬಿಡದೆ ಓದಲು ಆಗುತ್ತದೆಯೇ ಎಂದು ಹತ್ತಿರದ ಕಾಲೇಜಿನಲ್ಲಿ ಇಂದೇ ವಿಚಾರಿಸಿ. ಅವರಿಲ್ಲದ ದಿನ ಕೆಲಸ ನೋಡಲು ಇನ್ನೊಬ್ಬರನ್ನು ಈಗಿನಿಂದಲೇ ತಯಾರು ಮಾಡಿ. ಬೆವರು ನಮ್ಮದು, ಷರತ್ತು ಕೊಳ್ಳುವವರದು ಎನ್ನುವ ಕಾಲ ಸಾಕು. ಓದಬೇಕಾದವರು ನಕ್ಕು "ನೀವು ಹೇಳಿದ ಹಾಗೆ" ಎಂದರೆ ನಂಬಬೇಡಿ, ಇನ್ನೊಮ್ಮೆ ಕೇಳಿ. ಹಣ್ಣು ಗುಂಡಿಗೆ ಬಿದ್ದ ಮೇಲೆ ಬೂಟು ಒರೆಸಬೇಡಿ. ಈಗಲೇ ಒರೆಸಿಕೊಡಿ.