ಹೋಲಿಕೆಯ ಕೋಷ್ಟಕ

ಸರಕು ತಲುಪಲು ಬೇಕಾದ ವಾರಗಳ ಕಾಲಂ ಅನ್ನು ರಂಜಿತ್ ಅಳಿಸಿದ. ಇಟಲಿಯ ಆರು ಹೋಯಿತು, ಜರ್ಮನಿಯ ಹದಿನಾಲ್ಕೂ ಹೋಯಿತು. ಅಳಿಸಿದ ಮೇಲೆ ಕೋಷ್ಟಕ ಇನ್ನಷ್ಟು ಪ್ರಾಮಾಣಿಕವಾಗಿ ಕಂಡಿತು.

ಕೊಲ್ಲಿ ನಾಡಿನ ಎಲೆಕ್ಟ್ರಾ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಜರ್ಮನ್ ಪಂಪುಗಳನ್ನು ಅವನು ಮಾರುತ್ತಿದ್ದ, ಇಟಲಿಯವನ್ನು ನೌಶಾದ್. ಇನ್ನು ಒಂದೇ ಆಳು ಸಾಕು ಎಂದಿದ್ದರು ಮಾಲೀಕ ಅಬ್ದುಲ್ ಸಲಾಂ. ಎರಡು ದೇಶಗಳ ಕಾರ್ಖಾನೆಗಳನ್ನು ಹೋಲಿಸುವ ಕೆಲಸ ಎಂ.ಟೆಕ್ ಓದಿದ ರಂಜಿತನದು. ಸೋತ ಪಂಪಿನವನ ವೀಸಾ ರದ್ದು.

ಜರ್ಮನಿಯಲ್ಲಿ ಕೂಲಿ ಜಾಸ್ತಿ, ಕರೆಂಟು ದುಬಾರಿ. ಅದರ ಎದುರು ‘ಗುಣಮಟ್ಟದ ಬೆಲೆ’ ಎಂದು ಬರೆದ.

ಇಟಲಿಯ ಅಂಕಿಗಳನ್ನು ತಂದುಕೊಟ್ಟವನು ನೌಶಾದನೇ. ಖಾಲಿದಿಯಾ ಬಡಾವಣೆಯ ಒಂದೇ ಕೋಣೆಯಲ್ಲಿ ಇಬ್ಬರ ಮಂಚ. ನಡುವೆ ಒಂದು ಪರದೆ.

"ಎಂತ ಮಾರಾಯ, ನಮ್ಮ ಇಟಲಿ ಪಾಸಾ?" ನೌಶಾದ್ ಪರದೆ ಸರಿಸಿ ಚಾ ತಂದಿಟ್ಟ.

"ನೋಡುವ."

"ಬೇಗ ಕಳಿಸ್ತಾರೆ ಅಂತ ಹಾಕಿದ್ದಿಯಲ್ಲ? ನಮ್ಮ ಜೀವ ಇರುವುದೇ ಅದರಲ್ಲಿ."

"ಎಲ್ಲ ಉಂಟು."

ಚಾಕ್ಕೆ ಸಕ್ಕರೆ ಹಾಕಿರಲಿಲ್ಲ. ರಂಜಿತನ ಶುಗರ್ ಕಾಯಿಲೆ ನೌಶಾದನಿಗೆ ನೆನಪಿತ್ತು. ಆ ನೆನಪಿಗೆ ರಂಜಿತನ ಮೈ ಉರಿಯಿತು. ನೂರಕ್ಕೆ ಎರಡಿದ್ದ ಇಟಲಿಯ ಕೆಟ್ಟ ಮಾಲನ್ನು ಆರು ಮಾಡಿದ.

ಮಧ್ಯಾಹ್ನ ಸಲಾಂ ಶೋರೂಮಿನಲ್ಲೇ ನಿಂತು ವರದಿ ಓದಿದರು. ಪಕ್ಕದಲ್ಲಿ, ಗಿರಾಕಿಗಳಿಗೆ ತೋರಿಸಲು ಹೊಟ್ಟೆ ಸೀಳಿಟ್ಟ ಜರ್ಮನ್ ಪಂಪು.

"ಎಲ್ಲದರಲ್ಲೂ ಜರ್ಮನಿಯೇ ಮುಂದೆ?"

"ಹೌದು ಸರ್."

"ಗಿರಾಕಿಗೆ ಹೇಳಿಕೊಡ್ಲಿಕ್ಕೆ ಎಂತದೂ ಇಲ್ಲ?"

"ಇಲ್ಲ ಸರ್. ಹೆಸರೇ ಸಾಕು."

"ಮತ್ತೆ ನೀನ್ಯಾಕೆ?"

ರಂಜಿತ್ ನಕ್ಕ. ಸಲಾಂ ನಗಲಿಲ್ಲ.

"ಇಂಥ ದರಿದ್ರ ಮಾಲನ್ನು ನೌಶಾದ್ ಹತ್ತು ವರ್ಷ ಮಾರಿದ್ದಾನಲ್ಲ, ಅವ ಗಂಡಸು. ಜರ್ಮನಿಯನ್ನೂ ಅವನೇ ನೋಡ್ಲಿ. ಖಲಾಸ್."

ಇಟಲಿಯ ಮಾಲು ಅಷ್ಟು ಕೆಟ್ಟದ್ದಲ್ಲ ಎನ್ನಲು ರಂಜಿತ್ ಬಾಯಿ ತೆರೆದ. ಆ ಮಾತು ಹೇಳಿದರೆ ಬರೆದದ್ದು ಸುಳ್ಳಾಗುತ್ತಿತ್ತು. ಬಾಯಿ ಮುಚ್ಚಿದ. ವರದಿಯನ್ನು ಅವನ ಕೈಗಿತ್ತು ಸಲಾಂ ಊಟಕ್ಕೆ ಹೊರಟರು.

ಸುದ್ದಿ ಕೇಳಿ ನೌಶಾದ್ ಓಡಿ ಬಂದ. ಅವನ ಕಣ್ಣು ಒದ್ದೆಯಾಗಿತ್ತು.

"ಇದು ಸರಿಯಲ್ಲ ರಂಜಿತ್. ನಾನು ಸರ್ ಹತ್ರ ಮಾತಾಡ್ತೇನೆ. ವರದಿ ಕೊಡು, ಎಲ್ಲಿ ತಪ್ಪಿದೆ ನೋಡುವ."

ಅವನ ಕೈ ಚಾಚಿಯೇ ಇತ್ತು. ರಂಜಿತ್ ಹಿಂದೆ ಸರಿದ. ಬೆನ್ನು ಪಂಪಿನ ಸ್ವಿಚ್ಚಿಗೆ ತಾಗಿತು.

ಸೀಳಿದ ಹೊಟ್ಟೆಯೊಳಗೆ ಚಕ್ರ ತಿರುಗತೊಡಗಿತು. ಒಳಗಿನದೆಲ್ಲ ಕಾಣುತ್ತಿತ್ತು. ಒಂದು ಹನಿ ನೀರಿರಲಿಲ್ಲ.