ಬಾನೆಟ್ಟಿನ ಮೇಲೆ ಎದ್ದ ಗುಳ್ಳೆ

ಚಿಕ್ಕಳಿಯ ಬಣ್ಣ ಹೊಡೆದ ಕಾರು ಗುಳ್ಳೆ ಎದ್ದು ವಾಪಸ್ ಬಂದಿದೆ ಎಂದು ಕೇಳಿದಾಗ ದೊಡ್ಡಳಿಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬಾಯಲ್ಲೇನೋ "ಅಯ್ಯೋ ಪಾಪ" ಅಂದ. ಕಾಲು ಮಾತ್ರ ಶೆಡ್ಡಿನ ಕಡೆಗೆ ಓಡಿತು.

ಶೆಡ್ಡು ಮಾವನದು. ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಬಣ್ಣ ಹೊಡೆಯುವ ಗನ್ ಮಾತ್ರ ಒಂದೇ. ಮಾವನ ಕೈ ನಡುಗತೊಡಗಿದ ಮೇಲೆ ಅದು ಯಾರ ಪಾಲಿಗೆ ಎಂಬುದೇ ಮನೆಯವರೆಲ್ಲರ ಪ್ರಶ್ನೆ. ಗನ್ ಹಿಡಿದವನು ಮೇಸ್ತ್ರಿ, ಇನ್ನೊಬ್ಬ ಜೀವಮಾನವಿಡೀ ಉಪ್ಪುಕಾಗದ ಹಿಡಿದು ಉಜ್ಜುತ್ತಿರಬೇಕು. ಮೊದಲು ಬಂದವನು ದೊಡ್ಡಳಿಯ. ಆದರೆ ನಿನ್ನೆ ಮೊನ್ನೆ ಬಂದ ಷಡ್ಡಕ ಒಂದು ಬಾಗಿಲಿಗೆ ಬಣ್ಣ ಹೊಡೆದರೆ ಮಾವ ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡುತ್ತಿದ್ದರು. ಇವನ ಕೆಲಸಕ್ಕೆ "ಹೂಂ, ಆಯ್ತಲ್ಲ" ಅಷ್ಟೇ. ಆ 'ಹೂಂ' ನೆನಪಾದರೆ ಸಾಕು, ಅವನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಫೈಬರ್‌ಗ್ಲಾಸ್ ಮೈಯ ಪುಟ್ಟ ಕಾರು ಬಾಗಿಲ ಬಳಿ ನಿಂತಿತ್ತು.

"ಒಳಗೆ ತೇವ ಉಳಿದಿರ್ಬೇಕು. ಸರಿಯಾಗಿ ಒಣಗಿಸಲಿಲ್ವೇನಪ್ಪ?" ಮಾವ ಕೇಳಿದರು.

"ಒಣಗಿಸಿದ್ದೆ ಮಾವ," ಎಂದ ಚಿಕ್ಕಳಿಯ.

"ಅವಸರ, ಇನ್ನೇನು," ಎಂದು ದೊಡ್ಡಳಿಯ ಒಗ್ಗರಣೆ ಹಾಕಿ, ಬಾನೆಟ್ಟಿನ ಮೇಲೆ ಬಗ್ಗಿದ. ಗುಳ್ಳೆಗಳು ಅಲ್ಲಲ್ಲಿ ಚೆಲ್ಲಾಪಿಲ್ಲಿಯಾಗಿ ಎದ್ದಿರಲಿಲ್ಲ. ಒಂದು ಅಂಗೈ, ಅಗಲಿಸಿದ ಐದು ಬೆರಳು. ಕೈ ತನ್ನದೇ.

ಬಣ್ಣ ಹೊಡೆಯುವುದಕ್ಕೆ ಹಿಂದಿನ ಸಂಜೆ ಯಾರೂ ಇಲ್ಲದಾಗ ಅವನು ಮೊಸರಲ್ಲಿ ಕಲ್ಲು ಹುಡುಕಲು ಬಂದಿದ್ದ. ತೊಳೆದು ಒಣಗಿಸಿದ ಕಾರಿನ ಮೈಯನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆವರಿನ ಉಪ್ಪು ಬಣ್ಣದಡಿ ಉಳಿದರೆ ತೇವ ಎಳೆದು ಗುಳ್ಳೆ ಎಬ್ಬಿಸುತ್ತದೆ. ಚಿಕ್ಕಳಿಯನಿಗೆ ಈ ಪಾಠ ಹೇಳಿಕೊಟ್ಟವನೂ ಅವನೇ. ಆದರೆ ನುಣುಪು ಕಣ್ಣಿಗೆ ಕಾಣುವುದಿಲ್ಲ, ಅಂಗೈಗೇ ಗೊತ್ತಾಗಬೇಕು. ಸವರಿ ನೋಡಿದ. ಒಂದು ತಗ್ಗಾದರೂ ಸಿಗಬಾರದೇ ಎಂದು ಸಿಟ್ಟಿನಲ್ಲಿ ಒತ್ತಿ ನೋಡಿದ. ಸಿಗಲಿಲ್ಲ.

"ಬಿಡಿ ಮಾವ, ನಾನೇ ಉಜ್ಜಿ ಸರಿ ಮಾಡ್ತೀನಿ," ಎಂದ ಗಡಿಬಿಡಿಯಲ್ಲಿ. ಮಾವನ ಮಂಜುಗಣ್ಣಿಗೆ ಕೈಯ ಆಕಾರ ಕಂಡಿರಲಿಲ್ಲ. ಬಣ್ಣ ಕರಗಿಸುವ ದ್ರಾವಣ ಹಾಕಿದರೆ ಫೈಬರನ್ನೇ ತಿಂದುಬಿಡುತ್ತದೆ, ಹಾಗಾಗಿ ಕಾಗದದಲ್ಲೇ ಉಜ್ಜಬೇಕು. ಮೊದಲು ಹೆಬ್ಬೆರಳನ್ನು ಅಳಿಸಿದ, ಆಮೇಲೆ ಉಳಿದ ಬೆರಳುಗಳನ್ನು. ಮಧ್ಯಾಹ್ನದ ಹೊತ್ತಿಗೆ ಕೈ ಮಾಯವಾಗಿ ಬೂದು ಬಣ್ಣದ ಮೈ ಕಾಣಿಸಿತು.

ತೊಳೆದು, ದೀಪದ ಕಾವಿನಲ್ಲಿ ಹಲವು ದಿನ ಒಣಗಿಸಿದ ಮೇಲೆ ಮಾವ ಗನ್ ತಂದು ದೊಡ್ಡಳಿಯನ ಕೈಗಿತ್ತರು. "ಇನ್ಮೇಲೆ ನೀನೇ ಹೊಡಿ. ಚಿಕ್ಕವನಿಗೆ ಇನ್ನೂ ತಾಳ್ಮೆ ಸಾಲದು." ಚಿಕ್ಕಳಿಯ ತಲೆ ತಗ್ಗಿಸಿ ಕೇಳಿಸಿಕೊಂಡ.

ಮಾವ ಆಚೆ ಹೋದ ಮೇಲೆ ಚಿಕ್ಕಳಿಯ ಒಂದು ಜೊತೆ ಕೈಗವಸು ತಂದು ಚಾಚಿದ.

"ಇದನ್ನ ಹಾಕ್ಕೊಳ್ಳಿ ಭಾವ. ಕಾರು ಬಂದ ದಿನವೇ ನಂಗೆ ಗೊತ್ತಾಯ್ತು, ಅದು ಯಾರ ಕೈ ಅಂತ. ಮಾವನಿಗೆ ಹೇಳಲ್ಲ ಬಿಡಿ, ಅಕ್ಕ ನೊಂದ್ಕೋತಾರೆ."

ಅಷ್ಟು ಹೇಳಿ ಉಪ್ಪುಕಾಗದ ತೆಗೆದುಕೊಂಡು, ಮೂಲೆಯಲ್ಲಿದ್ದ ಬೇರೊಂದು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ.

ದೊಡ್ಡಳಿಯ ಗನ್ ಹಿಡಿದು ನಿಂತ. ಬಯಸಿದ್ದು ಕೈಗೆ ಬಂದಿತ್ತು. ಆದರೆ ಚಿಕ್ಕಳಿಯನ ಹಾಗೆ ಬಾಯಿ ಮುಚ್ಚಿಕೊಂಡು ಸೋಲುವುದು ತನ್ನಿಂದ ಈ ಜನ್ಮದಲ್ಲಿ ಆಗದು ಎಂದು ಅವನಿಗೆ ಗೊತ್ತಿತ್ತು. ಷಡ್ಡಕನ ಬೆನ್ನು ನೋಡುತ್ತ ಅವನಿಗೆ ಎಂದಿಗಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು.